ಚಕ್ರ ನೋಡಲು ಬಾರದ ರಸಿಕರಿಗೆ

ಹಳೆಯ ಕಾರುಗಳ ಮೇಳಕ್ಕೆ ಬರುವ ಜನ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು ನೋಡುವವರು ನೂರಕ್ಕೊಬ್ಬರೂ ಇಲ್ಲ. ಬಾಡಿ ಹೊಳೆಸಲು ದುಡ್ಡಿದ್ದರೆ ಸಾಕು. ಕಾರ್ಖಾನೆಯಿಂದ ಹೊರಬಂದ ದಿನ ಚಕ್ರಕ್ಕಿದ್ದ ಬಣ್ಣವನ್ನು ಮತ್ತೆ ಕೂಡಿಸಲು ಕಣ್ಣು ಬೇಕು. ಮಾಲೀಕನದು ಪ್ರೀತಿಯೋ ಬರೀ ಶೋಕಿಯೋ ಎಂದು ನಾನು ಅಳೆಯುವುದು ಅಲ್ಲೇ.

ನಮ್ಮ ಸಾಂಗ್ಲಿ-ಮೀರಜ ಸೀಮೆಯಲ್ಲಿ ಮದುವೆಗೆ ಹೂವು ಹೊತ್ತು ಬರುವ ‘ಡುಕ್ಕರ ಫಿಯಾಟ್’ಗಳನ್ನೂ ಪದ್ಮಿನಿಗಳನ್ನೂ ನೋಡಿ. ಚಕ್ರಕ್ಕೆ ಕನ್ನಡಿಯಂಥ ಬೆಳ್ಳಿ, ಇಲ್ಲವೇ ಕುಂಕುಮಗೆಂಪು. ಕೆಲವರಂತೂ ಉಕ್ಕಿನ ಡಿಸ್ಕನ್ನೇ ಗುಜರಿಗೆ ಹಾಕಿ ಅಲಾಯ್ ಕೂರಿಸಿರುತ್ತಾರೆ. ‘ಎಷ್ಟು ಚಂದ ರೀ!’ ಎಂಬ ಉದ್ಗಾರ ಬೇರೆ. ನಾನು ಕಂಡ ಪದ್ಮಿನಿಗಳ ವೀಲ್ ಕ್ಯಾಪಿನಡಿ ಉಳಿದಿದ್ದ ಬೆಳ್ಳಿ ಬೂದಿಗೆ ಹತ್ತಿರ, ಮಂಕು. ಆ ಮಂಕೇ ಸರಿ.

ಇದನ್ನು ನನಗೆ ತೋರಿಸಿಕೊಟ್ಟವರು ವಿಶ್ರಾಮಬಾಗದ ಗ್ಯಾರೇಜೊಂದರ ಪೇಂಟರ್ ಚಾಚಾ. ವಿಲಿಂಗ್ಡನ್ ಕಾಲೇಜಿನಲ್ಲಿ ಗೋಕಾಕರೂ ಮುಗಳಿಯವರೂ ಪಾಠ ಹೇಳಿದ್ದರೆಂದು ಬೀಗುತ್ತಿದ್ದ ಹುಡುಗ ನಾನು. ನನ್ನ ಪಾಠ ಕಾಲೇಜಿನ ಹೊರಗೆ ಕಾದಿತ್ತು. ಚಾಚಾ 600 ನಂಬರಿನ ಪಾಲಿಶ್ ಪೇಪರನ್ನು ನೀರಲ್ಲಿ ಅದ್ದಿ, ವಾಲ್ವ್ ತೂತಿನ ಹಿಂಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ತಿಕ್ಕಿದರು. ಮೇಲಿನ ಹೊಳಪು ಬೆಳ್ಳಿ ಹೋಗಿ ಕಪ್ಪು ಬಂತು, ಕಪ್ಪಿನೊಳಗೆ ಕೆನೆ ಬಣ್ಣ, ಆಮೇಲೆ ತೆಳುವಾದ ಬೂದುಬೆಳ್ಳಿ, ಕೊನೆಗೆ ಪ್ರೈಮರ್. ಪ್ರೈಮರಿಗೆ ಅಂಟಿಕೊಂಡಿದ್ದ ಆ ತೆಳು ಉಂಗುರವೇ ಕಾರ್ಖಾನೆಯ ಬಣ್ಣ. ‘ಬಣ್ಣ ಡಬ್ಬಿಯಾಗ ಇರೂದಿಲ್ಲ ತಮ್ಮಾ, ಗನ್ನಿನಾಗ ಇರ್ತೈತಿ’ ಅಂದರು.

ಮಾತು ನಿಜ. ಬೆಳ್ಳಿ ಬಣ್ಣವೆಂದರೆ ರಾಳದಲ್ಲಿ ತೇಲುವ ಅಲ್ಯುಮಿನಿಯಂ ಚಕ್ಕೆಗಳು. ಹಸಿಯಾಗಿ ದಪ್ಪಗೆ ಹೊಡೆದರೆ ಚಕ್ಕೆಗಳು ಮುಳುಗಿ ಅಡ್ಡಾದಿಡ್ಡಿ ವಾಲುತ್ತವೆ, ಬಣ್ಣ ಕಪ್ಪಾಗುತ್ತದೆ. ಗನ್ ದೂರ ಹಿಡಿದು ಒಣಗಲಾಗಿ ಹೊಡೆದರೆ ಅವು ಮೇಲೆಯೇ ಮಲಗುತ್ತವೆ, ಬಣ್ಣ ಬೆಳ್ಳಗಾಗುತ್ತದೆ. ಒಂದೇ ಡಬ್ಬಿ, ಎರಡು ಬಣ್ಣ. ಅಂಗಡಿಯ ‘ಕ್ರೋಮ್’ ಸ್ಪ್ರೇಯಲ್ಲಿರುವುದು ಮೇಲ್ಮೈಗೆ ತೇಲಿಬಂದು ಹಾಸಿಕೊಳ್ಳುವ ಜಾತಿಯ ಚಕ್ಕೆ. ಅದು ಕನ್ನಡಿಯಾಗುವುದೂ ಅದಕ್ಕೇ, ಹಳೆಯ ಚಕ್ರಕ್ಕೆ ಎಂದೂ ಒಪ್ಪದಿರುವುದೂ ಅದಕ್ಕೇ. ಮೇಲೆ ಈಗಿನ ಕ್ಲಿಯರ್ ಕೋಟ್ ಬಳಿದರಂತೂ ಮುಗಿಯಿತು. ಹಳೆಯ ಚಕ್ರದ ಬೆಳ್ಳಿಗೆ ಗಾಜಿನ ಆಳ ಇರಬಾರದು.

ಕೆನೆ, ಬಿಳಿ ಚಕ್ರಗಳದು ಬೇರೆಯೇ ತಕರಾರು. ಕ್ಯಾಪಿನಡಿ ಸಿಕ್ಕ ಬಣ್ಣವನ್ನೇ ಕಣ್ಣುಮುಚ್ಚಿ ನಂಬುವವರಿದ್ದಾರೆ. ಹಳೆಯ ಸಿಂಥೆಟಿಕ್ ಎನಾಮೆಲ್ ಬೆಳಕು ಕಾಣದೆ ಕತ್ತಲಲ್ಲೇ ಇದ್ದರೆ ಹಳದಿಗೆ ತಿರುಗುತ್ತದೆ. ಆ ಚಕ್ರವನ್ನು ಕೆಲವು ದಿನ ಬಿಸಿಲಿಗಿಟ್ಟರೆ ಹಳದಿ ಬಹುಪಾಲು ಇಳಿಯುತ್ತದೆ, ಶೇಡ್ ಕಾರ್ಡ್ ಹಿಡಿಯಬೇಕಾದ್ದು ಆಮೇಲೆ. ಅದೂ ಅಂಗಳದಲ್ಲಿ, ಬೆಳಗಿನ ನೆರಳಲ್ಲಿ. ಟ್ಯೂಬ್‌ಲೈಟಿನಡಿ ಒಂದಾದ ಬಣ್ಣಗಳು ಬಯಲಲ್ಲಿ ಬೇರೆಯಾದದ್ದನ್ನು ಎಷ್ಟು ಸಲ ನೋಡಿಲ್ಲ!

ಉಳಿದ ಕಾರುಗಳ ಬಗ್ಗೆ ಇಷ್ಟು ಸಾಕು: 1960ರ ದಶಕದ ಮರ್ಸಿಡಿಸ್‌ಗಳಲ್ಲಿ ಕ್ಯಾಪಿಗೂ ಬಾಡಿಯದೇ ಬಣ್ಣ ಸಾಮಾನ್ಯ, ಆ ಕಾಲದ ಬೀಟಲ್‌ಗಳ ಎಷ್ಟೋ ಚಕ್ರಗಳಿಗೆ ಎರಡು ಬಣ್ಣ, ಮಿಲಿಟರಿ ಜೀಪಿಗೆ ನೆತ್ತಿಯಿಂದ ಚಕ್ರದವರೆಗೆ ಒಂದೇ ಹಸಿರು. ಕೊಲ್ಹಾಪುರದ ದಸರೆಯಲ್ಲಿ ಅರಮನೆಯ ಮೇಬಾಕ್ ಹೊರಬಂದಾಗ ಜನ ಕೇಸರಿ ಬಾಡಿಗೆ ಮರುಳಾಗುತ್ತಾರೆ. ನೀವು ಕಣ್ಣು ಕೆಳಗಿಳಿಸಿ.

ಮುಂದಿನ ಮೇಳದಲ್ಲಿ ಮೊದಲು ಸ್ಟೆಪ್ನಿ ಕೇಳಿ. ಡಿಕ್ಕಿಯಲ್ಲಿ ಮಲಗಿದ್ದ ಐದನೆಯ ಚಕ್ರದ ಒಳಮೈಗೆ ಪೇಂಟರುಗಳ ಕೈ ತಾಕಿರುವುದು ಕಡಿಮೆ. ಡಿಕ್ಕಿ ತೆಗೆಯಲು ಹಿಂದೇಟು ಹಾಕುವ ಮಾಲೀಕನ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಡಿ.