ಮೀನಲದೇವಿಯ ಕೆರೆಯೂ ನಮ್ಮ ಸ್ಮಾರಕರಕ್ಷಣೆಯೂ

ಗುಜರಾತಿನ ಚೌಲುಕ್ಯ ದೊರೆ ಕರ್ಣದೇವನ (ಸು. 1064–1092) ರಾಣಿಯೂ ಸಿದ್ಧರಾಜ ಜಯಸಿಂಹನ ತಾಯಿಯೂ ಆದ ಮೀನಲದೇವಿ ನಮ್ಮ ಸೀಮೆಯ ಹೆಣ್ಣುಮಗಳೆಂಬುದು ವಾಚಕರಲ್ಲಿ ಕೆಲವರಿಗಾದರೂ ತಿಳಿದಿರಬಹುದು. ಹೇಮಚಂದ್ರನ ‘ದ್ವ್ಯಾಶ್ರಯ’ವೂ ಮೇರುತುಂಗನು 1305ರಲ್ಲಿ ಮುಗಿಸಿದ ‘ಪ್ರಬಂಧಚಿಂತಾಮಣಿ’ಯೂ ಆಕೆಯನ್ನು ಜಯಕೇಶಿಯ ಮಗಳೆನ್ನುತ್ತವೆ, ಈ ಜಯಕೇಶಿ ಗೋವೆಯ ಕದಂಬರ ಅರಸು. ಬಿಲ್ಹಣನ ‘ಕರ್ಣಸುಂದರೀ’ ನಾಟಿಕೆ ಈ ವಿವಾಹವನ್ನೇ ಕುರಿತದ್ದೆಂದು ವಿದ್ವಾಂಸರು ಊಹಿಸಿದ್ದಾರೆ. ಆ ಕವಿಯೇ ಮುಂದೆ ಕಲ್ಯಾಣಕ್ಕೆ ಬಂದು ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿದನೆಂಬುದು ಸ್ವಾರಸ್ಯದ ಸಂಗತಿ.

ಅಹಮದಾಬಾದಿನ ನೈಋತ್ಯಕ್ಕಿರುವ ಧೋಳಕಾ ಪಟ್ಟಣದ ಮಲಾವ ಕೆರೆಯನ್ನು ಕಟ್ಟಿಸಿದವಳು ಈಕೆಯೇ ಎಂಬುದು ಅಲ್ಲಿಯ ಪ್ರತೀತಿ. ಕೆರೆಯನ್ನು ಕ್ರಮವಾದ ವರ್ತುಲಾಕಾರದಲ್ಲಿ ತೋಡಿಸಬೇಕೆಂದಾಗ ಅಂಚಿನಲ್ಲೊಬ್ಬ ವೇಶ್ಯೆಯ ಮನೆ ಅಡ್ಡ ಬಂದಿತಂತೆ. ರಾಣಿ ಹಣವನ್ನು ಕೊಡಬಂದರೂ ಅವಳು ಮನೆಯನ್ನು ಬಿಡಲೊಪ್ಪಲಿಲ್ಲ. ರಾಜಶಕ್ತಿಯಿಂದ ಅದನ್ನು ಕೆಡವುವುದು ಕ್ಷಣದ ಕೆಲಸ. ಮೀನಲದೇವಿ ಹಾಗೆ ಮಾಡದೆ, ಕೆರೆಯ ಆಕಾರವೇ ಆ ಕಡೆ ಕುಂದಲೆಂದು ಬಿಟ್ಟಳು. ನ್ಯಾಯವನ್ನು ಕಾಣಬೇಕಾದವನು ಮಲಾವಕ್ಕೆ ಹೋಗಿ ನೋಡಲೆಂಬ ಅರ್ಥದ ಗಾದೆಯೇ ಗುಜರಾತಿಯಲ್ಲಿ ಬೆಳೆದಿದೆ. ಇದು ಐತಿಹ್ಯವೇ ಹೊರತು ಶಾಸನಪ್ರಮಾಣವಲ್ಲ, ನಿಜ. ಆದರೂ ಒಂದು ಊರು ತನ್ನ ಕೆರೆಯ ವೈಭವವನ್ನು ಮರೆತು, ಅದರ ಊನವನ್ನೇ ಗಾದೆಯಾಗಿ ಕಾಪಾಡಿಕೊಂಡು ಬಂದಿತಲ್ಲ! ಪ್ರಾಚೀನ ನಿರ್ಮಿತಿಗಳ ರಕ್ಷಣೆಯನ್ನು ಕುರಿತು ನಾವಾಡುವ ಮಾತುಗಳಲ್ಲಿ ಈ ಅಂಶ ಸಾಕಷ್ಟು ಪರಿಗಣಿತವಾಗಿಲ್ಲವೆಂಬುದೇ ಪ್ರಕೃತ ಲೇಖನದ ಆಕ್ಷೇಪ.

ನಮ್ಮ ರಕ್ಷಣಾಪದ್ಧತಿಯ ಕಲ್ಪನೆಯೆಲ್ಲ ಬೇಲಿಯ ಕಲ್ಪನೆ. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ 200 ಮೀಟರನ್ನು ನಿಯಂತ್ರಣಕ್ಕೊಳಪಡಿಸಿತು. ಸೂರತಿನಲ್ಲಿ, ವರಾಛಾಕ್ಕೆ ನೆರೆಯ ಕತಾರಗಾಮದ ಹಾದಿಯಲ್ಲಿರುವ ಆಂಗ್ಲರ ಗೋರಿಗಳಿಗೆ ಬೇಲಿ ಒಪ್ಪೀತು. 1669ರಲ್ಲಿ ತೀರಿಹೋದ ಜಾರ್ಜ್ ಆಕ್ಸೆಂಡೆನನ ಗುಮ್ಮಟದೊಳಗೆ ವಾಸಿಸುವವರಾರೂ ಇಲ್ಲ. ನೀರು ತರುವವರು, ಬಟ್ಟೆ ಒಗೆಯುವವರು, ದೇವರಿಗೆ ದೀಪವಿಡುವವರು ಸುತ್ತಲಿದ್ದೇ ಅರ್ಥ ಪಡೆದ ಕೆರೆಗೂ ಪೇಟೆಗೂ ಅದೇ ಅಳತೆಗೋಲನ್ನಿಡುವುದು ವಿವೇಕವೆನಿಸದು.

ಮೀನಲದೇವಿಯ ತವರಿನ ಕಡೆ ನಡೆದುದನ್ನು ನೋಡಿ. 2011ರ ಜುಲೈಯಲ್ಲಿ ಹಂಪೆಯ ವಿರೂಪಾಕ್ಷ ಬಜಾರಿನಲ್ಲಿ ಮಂಟಪಗಳನ್ನಾಶ್ರಯಿಸಿದ್ದ ಮನೆ ಅಂಗಡಿಗಳನ್ನು ಯಂತ್ರಗಳಿಂದ ಕೆಡವಿದರು. ಆ ನಿವಾಸಿಗಳು ಶಿಲಾಸ್ತಂಭಗಳಿಗೆ ಇಟ್ಟಿಗೆ ಸಿಮೆಂಟನ್ನು ಮೆತ್ತಿದ್ದರೆಂಬ ದೂರು ಸುಳ್ಳಲ್ಲ. ಅದನ್ನು ಸಮರ್ಥಿಸುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಬಜಾರು ಎಂಬ ಶಬ್ದಕ್ಕೆ ಕೊಳ್ಳುವ ಮಾರುವ ಜನರಿಲ್ಲದೆ ಏನರ್ಥ? ತೇರು ಎಳೆಯುವ ಬೀದಿಯಲ್ಲಿ ಒಲೆಯ ಹೊಗೆ ಕಾಣದಂತೆ ಮಾಡಿ, ಉಳಿದ ಕಂಬಸಾಲನ್ನು ಪೇಟೆಯೆಂದು ತೋರಿಸುವುದು ಇತಿಹಾಸಕ್ಕೂ ಅಪಚಾರವೆಂದು ನಮಗೆ ತೋರುತ್ತದೆ.

ಅಹಮದಾಬಾದು ಹಿಡಿದ ದಾರಿ ಬೇರೆ. ನಗರಸಭೆ 1996ರಲ್ಲಿ ಪರಂಪರೆಗೆಂದೇ ಒಂದು ವಿಭಾಗವನ್ನು ತೆರೆಯಿತು. ಮರುವರ್ಷ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ ಪೋಳುಗಳ ನಡುವೆ ಪಾದಯಾತ್ರೆಯನ್ನೇರ್ಪಡಿಸಿತು. ಪೋಳು ಎಂದರೆ ಒಂದೇ ಹೆಬ್ಬಾಗಿಲಿನ ಒಳಗೆ ಅಕ್ಕಪಕ್ಕದವರೆಲ್ಲ ಕೂಡಿ ಬಾಳುವ ಕೇರಿ. ಕೆತ್ತನೆಯ ಮರದ ಮನೆಯನ್ನು ಕೆಡವದೆ ಉಳಿಸಿಕೊಂಡವನು, ತಾನು ಮೇಲೆ ಕಟ್ಟಬಹುದಾಗಿದ್ದ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಲು ಅವಕಾಶವಾಯಿತು. 2017ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಭಾರತದ ಮೊದಲ ನಗರವೆಂಬ ಗೌರವ ಬಂದುದು ಕೋಟೆಯೊಳಗಣ ಈ ಜನವಸತಿಗೆ. ಅಲ್ಲಿಯೂ ಹಳೆಯ ಮನೆಗಳು ಗೋದಾಮುಗಳಾಗುತ್ತಿವೆ, ಜನ ಹೊಸ ಬಡಾವಣೆಗಳಿಗೆ ಹೋಗುತ್ತಿದ್ದಾರೆ. ಪದವಿಯೊಂದೇ ಯಾರನ್ನೂ ಹಿಡಿದು ನಿಲ್ಲಿಸದು. ಆದರೂ ಮನೆಯವನನ್ನು ಅತಿಕ್ರಮಿಯೆನ್ನದೆ ಪಾಲುದಾರನೆಂದು ಮೊದಲಿಗೆ ಬಗೆದುದು ಸರಿಯಾದ ಆರಂಭ.

ಮೀನಲದೇವಿಯದೇ ಎನ್ನಲಾಗುವ ಇನ್ನೊಂದು ಕೆರೆ ವಿರಮಗಾಮದ ಮುನಸರ. ಶಂಖದ ಆಕಾರದ ಅದರ ದಡದಲ್ಲಿ ಸಾಲುಸಾಲಾಗಿ ನಿಂತ ಪುಟ್ಟ ಗುಡಿಗಳಲ್ಲಿ ಮುನ್ನೂರಕ್ಕೂ ಹೆಚ್ಚು ಇನ್ನೂ ಉಳಿದಿವೆ. ಅದು ಕೇಂದ್ರಸಂರಕ್ಷಿತ ಸ್ಮಾರಕ. ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿಗೆ ಹೋದಾಗ ಫಲಕದ ಮುಂದೆ ನಿಂತು ಹಿಂದಿರುಗದೆ, ದಡದ ಮನೆಗಳವರನ್ನು ಮಾತನಾಡಿಸಿ, ರಾಣಿಯನ್ನು ಕುರಿತು ಅವರು ಹೇಳುವ ಕಥೆಗಳನ್ನು ಬರೆದುಕೊಂಡು ಬಂದರೆ ಆ ಸಾಮಗ್ರಿಗೆ ಈ ಪತ್ರಿಕೆಯಂಥದರಲ್ಲಿ ಸ್ಥಳ ದೊರೆಯಬೇಕು.