ಸೆಲ್ಫ್ ಮೋಟಾರಿನ ಸದ್ದು, ಕರಾವಳಿಯ ಉಪ್ಪುಗಾಳಿ

ಹಳೆಯ ಕಾರಿನ ಸ್ಟಾರ್ಟರ್ ಮೋಟಾರು, ಅಂದರೆ ವರ್ಕ್‌ಶಾಪಿನ ಮಾತಿನ ‘ಸೆಲ್ಫ್’, ಸದ್ದು ಮಾಡತೊಡಗಿದಾಗ ಆ ಸದ್ದು ಎಂಥದು ಎಂಬುದಕ್ಕಿಂತ ಅದು ಯಾವ ಕ್ಷಣದಲ್ಲಿ ಏಳುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಕೀಲಿ ತಿರುಗಿಸಿದೊಡನೆ ಮೋಟಾರಿನ ತುದಿಯಲ್ಲಿರುವ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರವು ಮುಂದೆ ಸರಿದು, ಎಂಜಿನ್ನಿನ ಫ್ಲೈವೀಲನ್ನು ಸುತ್ತುವರಿದ ರಿಂಗ್ ಗೇರ್ ಎಂಬ ಹಲ್ಲಿನ ಬಳೆಯನ್ನು ಕಚ್ಚಿಕೊಂಡು ತಿರುಗಿಸುತ್ತದೆ. ಎಂಜಿನ್ ಚಾಲೂ ಆದ ಮೇಲೆ ಹಿಂದೆ ಸರಿಯುತ್ತದೆ. ಕಚ್ಚುವ ಮೊದಲು, ತಿರುಗಿಸುವಾಗ, ಬಿಟ್ಟುಕೊಡುವಾಗ ಕೇಳಿಬರುವ ಸದ್ದುಗಳಿಗೆ ಬೇರೆ ಬೇರೆ ಕಾರಣಗಳಿರುವುದರಿಂದ, ಈ ವಿವೇಚನೆಯಿಲ್ಲದೆ ಮೋಟಾರನ್ನೇ ಬದಲಿಸುವುದು ಬಹಳ ಸಲ ವ್ಯರ್ಥ ಖರ್ಚು.

ಭಟ್ಕಳ ತಾಲ್ಲೂಕಿನ ಮಾವಳ್ಳಿಯಂಥ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಮುರ್ಡೇಶ್ವರದ ಕಡಲತೀರಕ್ಕೂ ರಾಷ್ಟ್ರೀಯ ಹೆದ್ದಾರಿ 66ಕ್ಕೂ ನಡುವಿನ ಅಂಗಳಗಳಲ್ಲಿ ನಿಲ್ಲುವ ಮಾರುತಿ 800, ಅಂಬಾಸಿಡರ್‌ಗಳ ಲೋಹದ ಮೇಲೆ ವರ್ಷವಿಡೀ ಉಪ್ಪಿನ ತೇವ ಕೂರುತ್ತದೆ. ಮಳೆಗಾಲವಂತೂ ಅದನ್ನು ಒಣಗಗೊಡುವುದಿಲ್ಲ. ಬ್ಯಾಟರಿಯ ಋಣ ತುದಿಯಿಂದ ಕಾರಿನ ಮೈಗೂ ಎಂಜಿನ್ನಿಗೂ ಹೋಗುವ ಅರ್ತ್ ಪಟ್ಟಿಯ ಬುಡದಲ್ಲಿ ಹಸಿರು ಕಿಲುಬು ಕಟ್ಟಿಕೊಂಡಾಗ ವಿದ್ಯುತ್ತಿಗೆ ತಡೆ ಉಂಟಾಗುತ್ತದೆ. ಸೆಲ್ಫ್ ಸುಮಾರು 100 ಆಂಪಿಯರ್ ಎಳೆಯುವಾಗ ಓಮ್‌ನ ನೂರರಲ್ಲೊಂದು ಭಾಗದ ತಡೆಯೇ ಒಂದು ವೋಲ್ಟನ್ನು ನುಂಗಿಬಿಡುತ್ತದೆ. ಆಗ ಪಿನಿಯನ್ನನ್ನು ತಳ್ಳುವ ವಿದ್ಯುತ್ಕಾಂತವಾದ ಸೊಲೆನಾಯ್ಡ್ ಸೆಳೆದುಕೊಳ್ಳುವಷ್ಟರಲ್ಲಿ ಬಲಗುಂದಿ ಬಿಟ್ಟುಬಿಡುತ್ತದೆ, ಬಿಟ್ಟೊಡನೆ ಬಲ ಮರಳಿ ಮತ್ತೆ ಸೆಳೆಯುತ್ತದೆ. ‘ಟಕಟಕಟಕ’ ಎಂಬ ಸದ್ದು ಇದರದೇ. ಬ್ಯಾಟರಿ ಇಳಿದಿದ್ದರೂ ಇದೇ ಸದ್ದು ಬರುತ್ತದೆ. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ದೋಷ ಅರ್ತ್‌ನಲ್ಲಿದೆ. ಪಟ್ಟಿಯನ್ನು ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಬಿಗಿದು, ವ್ಯಾಸಲೀನ್ ಸವರಿದರೆ ಕೆಲಸ ಮುಗಿಯಿತು. ಸೆಲ್ಫ್ ಹೊಡೆಯುವ ಹೊತ್ತಿನಲ್ಲಿ ಬ್ಯಾಟರಿಯ ಎರಡು ಕಂಬಗಳ ನಡುವೆ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಶಂಕಿಸಬೇಕು.

ಕಚ್ಚುವ ಕ್ಷಣದ ‘ಕರ್‌ರ್’ ಸದ್ದು ಹಲ್ಲುಗಳದು. ಅದು ದಿನವೂ ಬಾರದೆ ಒಮ್ಮೊಮ್ಮೆ ಮಾತ್ರ ಬರುವುದೇ ಅದರ ಗುಟ್ಟನ್ನು ಬಿಟ್ಟುಕೊಡುವ ಲಕ್ಷಣ. ಎಂಜಿನ್ ಆರಿದಾಗ ಒತ್ತಡಕ್ಕೆ ಬರುತ್ತಿರುವ ಸಿಲಿಂಡರ್ ಅದನ್ನು ತಡೆದು ನಿಲ್ಲಿಸುವುದರಿಂದ ಫ್ಲೈವೀಲ್ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ: ಅಂಬಾಸಿಡರ್‌ನ ನಾಲ್ಕು ಸಿಲಿಂಡರಿನ ಎಂಜಿನ್ ಹೆಚ್ಚಾಗಿ ಎರಡು ಜಾಗಗಳಲ್ಲಿ, ಮಾರುತಿ 800ರ ಮೂರು ಸಿಲಿಂಡರಿನದು ಮೂರು ಜಾಗಗಳಲ್ಲಿ ನಿಲ್ಲುತ್ತದೆ. ವರ್ಷಗಟ್ಟಲೆ ಪಿನಿಯನ್ನಿನ ಪೆಟ್ಟು ತಿನ್ನುವುದು ಆ ಜಾಗಗಳ ಹಲ್ಲುಗಳೇ ಆದ್ದರಿಂದ ಉಳಿದವು ಹೊಸದರಂತಿದ್ದರೂ ಅವು ಸವೆದು ಮೊಂಡಾಗುತ್ತವೆ. ಇಗ್ನಿಷನ್ ಆರಿಸಿ, ಟಾಪ್ ಗೇರಿನಲ್ಲಿಟ್ಟು ಕಾರನ್ನು ಒಂದಿಷ್ಟು ಮುಂದೆ ತಳ್ಳಿ, ನ್ಯೂಟ್ರಲ್‌ಗೆ ತಂದು ಮತ್ತೆ ಸೆಲ್ಫ್ ಹೊಡೆದಾಗ ಸದ್ದು ಮಾಯವಾದರೆ ರಿಂಗ್ ಗೇರ್ ಸವೆದಿದೆ ಎನ್ನಬಹುದು. ಎಲ್ಲಿ ನಿಂತರೂ ಸದ್ದು ಬರುತ್ತಿದ್ದರೆ ಪಿನಿಯನ್ನನ್ನೋ ಸಡಿಲವಾದ ಬೋಲ್ಟುಗಳನ್ನೋ ನೋಡಬೇಕು. ಬೋಲ್ಟುಗಳನ್ನು ಮೊದಲು ನೋಡುವುದೇ ಜಾಣತನ, ಏಕೆಂದರೆ ಅದಕ್ಕೆ ಒಂದು ಸ್ಪ್ಯಾನರ್ ಸಾಕು.

ಮೋಟಾರು ‘ಸುಂಯ್’ ಎಂದು ತಾನೊಂದೇ ತಿರುಗಿ ಎಂಜಿನ್ ಅಲುಗದಿದ್ದರೆ, ಮಾರುತಿಯಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಒನ್‌ವೇ ಕ್ಲಚ್ ಜಾರುತ್ತಿರುತ್ತದೆ. ಸೊಲೆನಾಯ್ಡ್ ತಳ್ಳದೆ, ಸುರುಳಿ ತೋಡಿನ ಮೇಲೆ ವೇಗದ ಬಲದಿಂದಲೇ ಪಿನಿಯನ್ ಜಾರುವ ಬೆಂಡಿಕ್ಸ್ ಎಂಬ ಏರ್ಪಾಡಿರುವ ಹಳೆಯ ಪೆಟ್ರೋಲ್ ಅಂಬಾಸಿಡರ್‌ನಲ್ಲಾದರೆ ಆ ತೋಡಿನಲ್ಲಿ ಜಿಡ್ಡು ಕಟ್ಟಿರುತ್ತದೆ. ಅಲ್ಲಿಗೆ ಗ್ರೀಸ್ ಹಚ್ಚುವುದು ದೊಡ್ಡ ತಪ್ಪು. ಕಾರಿನ ಮುಖ್ಯ ಕ್ಲಚ್ಚಿನ ಪುಡಿ ಅದಕ್ಕೆ ಅಂಟಿ ಹಿಟ್ಟಿನಂತಾಗುವುದರಿಂದ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸುವುದೇ ಸರಿ. ಈ ಏರ್ಪಾಡಿನಲ್ಲಿ ಪಿನಿಯನ್ ಸಿಕ್ಕಿಕೊಂಡಿದ್ದರೆ ಮೋಟಾರಿನ ಹಿಂಬದಿಯ ಪುಟ್ಟ ಮುಚ್ಚಳದಡಿ ಇರುವ ದಂಡದ ಚೌಕ ತುದಿಗೆ ಸ್ಪ್ಯಾನರ್ ಹಾಕಿ ತಿರುಗಿಸಿ ಬಿಡಿಸಬಹುದು.

ಎಂಜಿನ್ ಚಾಲೂ ಆದ ಮೇಲೂ ಕೀರಲು ಸದ್ದು ಉಳಿದರೆ ತಡಮಾಡಬಾರದು. ಪಿನಿಯನ್ ಹಿಂದೆ ಸರಿಯದೆ ಒನ್‌ವೇ ಕ್ಲಚ್ ಕೂಡ ಹಿಡಿದುಕೊಂಡರೆ, ಎಂಜಿನ್ನೇ ಮೋಟಾರನ್ನು ತನ್ನ ವೇಗದ ಸುಮಾರು ಹತ್ತು ಪಟ್ಟು ವೇಗದಲ್ಲಿ ತಿರುಗಿಸಿ ಒಳಗಿನ ತಂತಿಗಳನ್ನು ಚದುರಿಸುತ್ತದೆ. ರಿಂಗ್ ಗೇರ್ ಸವೆದಾಗ ಮಾತ್ರ ಗೇರ್‌ಬಾಕ್ಸ್ ಇಳಿಸುವುದು ಅನಿವಾರ್ಯ. ಬಳೆಯನ್ನು ಕಾಯಿಸಿ ಹಿಗ್ಗಿಸಿ ತೆಗೆದು, ಸವೆದ ಹಲ್ಲುಗಳು ನಿಲುಗಡೆಯ ಜಾಗದಿಂದ ಆಚೆ ಬೀಳುವಂತೆ ಸ್ವಲ್ಪ ತಿರುಗಿಸಿ ಕೂರಿಸಿದರೆ ಹಳೆಯ ಬಳೆಯೇ ಇನ್ನಷ್ಟು ವರ್ಷ ಬಾಳುತ್ತದೆ.