ತಕ್ಕೋಲಂನಿಂದ ಮರಳಿದವನು

ಆತಕೂರು ಶಾಸನ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದು ನಾಯಿ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಿತು, ಅದಕ್ಕೊಂದು ವೀರಗಲ್ಲು ನಿಂತಿತು. ಚರಿತ್ರೆಯ ಹುರುಪಿನವರಿಗೆ ನೆನಪಾಗುವುದು ಬೇರೆ: 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು. 'ಚೋಳರನ್ನು ಸದೆಬಡಿದ ಕನ್ನಡಿಗರು' ಎಂಬ ಫಾರ್ವರ್ಡ್ ಮೆಸೇಜುಗಳು ಈ ಕಲ್ಲಿನಿಂದಲೇ ಹುಟ್ಟುತ್ತವೆ. ಎರಡೂ ಓದುಗಳಲ್ಲಿ ಮಣಲೆರ ಜಾರಿಹೋಗುತ್ತಾನೆ. ನನಗೆ ಈ ಶಾಸನದ ನಾಯಕ ಅವನೇ.

ತಕ್ಕೋಲಂ ಇರುವುದು ಅರಕ್ಕೋಣದ ಹತ್ತಿರ. ಚೆನ್ನೈಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಮಣಲೆರ ಅಲ್ಲಿ ಕಾದಿ, ಬದುಕಿ, ಮಂಡ್ಯ ಸೀಮೆಗೆ ಮರಳಿದವನು. ವೀರಗಲ್ಲುಗಳು ಸಾಮಾನ್ಯವಾಗಿ ಸತ್ತವರ ಸಾಹಿತ್ಯ. ಬೇಗೂರಿನ ಕಲ್ಲಿನಲ್ಲೂ ನಾಗತ್ತರ ತುಂಬೆಪಾಡಿಯಲ್ಲಿ ಸತ್ತ ಮೇಲೆಯೇ ಇರುಗನಿಗೆ ಹಳ್ಳಿಗಳು ಸಿಗುತ್ತವೆ. ಆತಕೂರಿನ ಬರಹ ಬದುಕಿ ಬಂದವನ ಲೆಕ್ಕವನ್ನೂ ಇಡುತ್ತದೆ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ, ಬೇಕಾದ್ದನ್ನು ಕೇಳು ಅನ್ನುತ್ತಾನೆ. ಇವನು ಕೇಳುವುದು ನಾಯಿ! ಇದನ್ನು ನಿಸ್ಪೃಹತೆ ಎಂದು ಹೊಗಳುವುದು ಸುಲಭ. ಅಷ್ಟು ಹೆಣ ನೋಡಿ ಬಂದವನಿಗೆ ಮಾತಾಡದ ಜೊತೆಯೊಂದು ಬೇಕಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಶಾಸನ ಕಾರಣ ಹೇಳುವುದಿಲ್ಲ, ಹೇಳದಿರುವುದೇ ಚೆಂದ.

ಬೇಡಿದ್ದು ನಾಯಿ ಎಂದು ಒಡೆಯ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಅವನಿಗೆ 'ಬಾಳ್ಗಚ್ಚು' ಕೊಟ್ಟ. ಬಾಳು ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ಯುದ್ಧ ಮುಗಿಸಿ ಬಂದವನ ಕತ್ತಿಯ ರಕ್ತ ತೊಳೆದು ಕೊಡುವ ಭೂಮಿ. ಪಿಂಚಣಿ ಎಂಬ ಪದಕ್ಕೆ ಈ ತೂಕ ಇಲ್ಲ.

ಈ ಕಲ್ಲನ್ನು ಪೂರ್ತಿ ಹೊಗಳಲೂ ಆಗದು. ನಾಯಿಯ ಹೆಸರಿದೆ, ತಕ್ಕೋಲಂನಲ್ಲಿ ಬಿದ್ದ ಕಾಲಾಳುಗಳ ಒಂದು ಹೆಸರೂ ಇಲ್ಲ. ಬಾಳ್ಗಚ್ಚು ಸಿಕ್ಕಿದ್ದು ಒಡೆಯನ ಕಣ್ಣಿಗೆ ಬಿದ್ದವನಿಗೆ.

ನಮ್ಮ ಊರಿನ ಸ್ಮಾರಕಗಳು ಇದರ ಪಕ್ಕದಲ್ಲಿ ಹೇಗೆ ಕಾಣುತ್ತವೆ? ಮರೀನಾದ ಉತ್ತರ ತುದಿಯ ವಿಜಯ ಯುದ್ಧ ಸ್ಮಾರಕ ಮೊದಲ ಮಹಾಯುದ್ಧದ ಗೆಲುವಿಗೆ ಕಟ್ಟಿದ್ದು. ಆಮೇಲಿನ ಯುದ್ಧಗಳು ಒಂದೊಂದಾಗಿ ಸೇರಿಕೊಂಡವು. ನಂದಂಬಾಕ್ಕಂ ಯುದ್ಧ ಸ್ಮಶಾನದಲ್ಲಿ ಎರಡನೆಯ ಮಹಾಯುದ್ಧದ 856 ಸಮಾಧಿಗಳಿವೆ, ಹುಲ್ಲು ಕೂಡ ಅಚ್ಚುಕಟ್ಟು. ಎರಡೂ ಸತ್ತವರಿಗೆ. ಅಲ್ಲಿಂದ ಕೂಗಳತೆಯ ಪರಂಗಿಮಲೆಯಲ್ಲಿ ಅಧಿಕಾರಿಗಳ ತರಬೇತಿ ಅಕಾಡೆಮಿ ಇದೆ. ಅಲ್ಲಿಂದ ಅಲ್ಪಾವಧಿ ಸೇವೆಗೆ ಹೋಗುವವರು 10 ಅಥವಾ 14 ವರ್ಷಕ್ಕೆ ಹೊರಬಂದರೆ, ಅಧಿಕಾರಿಯ ಪಿಂಚಣಿಗೆ ಬೇಕಾದ 20 ವರ್ಷ ತುಂಬಿರುವುದಿಲ್ಲ. 2022ರ ಅಗ್ನಿಪಥದಲ್ಲಂತೂ ನಾಲ್ಕೇ ವರ್ಷ. ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬ ಉಳಿಯುತ್ತಾನೆ, ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ, ಪಿಂಚಣಿ ಇಲ್ಲ. ಅವರಲ್ಲಿ ಕೆಲವರು ನಮ್ಮ ಆಫೀಸುಗಳ ಗೇಟಿನಲ್ಲಿ ಸೆಕ್ಯುರಿಟಿ ಸಮವಸ್ತ್ರ ತೊಟ್ಟು ನಮಗೆ ಸೆಲ್ಯೂಟ್ ಹೊಡೆಯುವ ದಿನ ದೂರವಿಲ್ಲ.

ಆತಕೂರಿನಲ್ಲಿ ಕಾಳಿಯ ಕಲ್ಲಿನ ಆರೈಕೆಗೂ ಎರಡು ಖಂಡುಗ ಜಮೀನು ಬಿಟ್ಟಿದ್ದರು. ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಅವನಿಗೆ ಎಂಬ ಷರತ್ತನ್ನೂ ಕೆತ್ತಿಸಿದ್ದರು.